ಔಷಧಿ ಹೊಡೆಯುವ ವಿಮಾನಗಳು

ಔಷಧಿ ಹೊಡೆಯುವ ವಿಮಾನದ ರೆಕ್ಕೆಯ ಕೆಳಗೆ ತೆಳ್ಳನೆಯ ಕೊಳವೆಯೊಂದು ಇರುತ್ತದೆ, ಉದ್ದಕ್ಕೂ ಸಾಲಾಗಿ ಸಣ್ಣ ನಳಿಕೆಗಳು. ಆ ಕೊಳವೆ ರೆಕ್ಕೆಯ ತುದಿಯವರೆಗೆ ಹೋಗುವುದಿಲ್ಲ, ಹೆಚ್ಚುಕಡಿಮೆ ಮುಕ್ಕಾಲು ದೂರಕ್ಕೆ ನಿಂತುಬಿಡುತ್ತದೆ. ನಾನು ಕಂಡ ಎಷ್ಟೋ ಮಾಡೆಲ್‌ಗಳಲ್ಲಿ ಇದನ್ನು ತುದಿ ಮುಟ್ಟಿಸಿ ಅಂಟಿಸಿರುತ್ತಾರೆ. ನೋಡಲು ಲಕ್ಷಣವಾಗಿಯೇ ಇರುತ್ತದೆ, ಆದರೆ ನಿಜವಲ್ಲ. ಹಾರುವ ವಿಮಾನದ ರೆಕ್ಕೆಯ ತುದಿಯಲ್ಲಿ ಗಾಳಿ ಸುರುಳಿಯಾಗಿ ಸುತ್ತುತ್ತದೆ. ಅಲ್ಲಿ ಬಿಟ್ಟ ಹನಿ ಬೆಳೆಯ ಮೇಲೆ ಇಳಿಯದೆ, ಸುರುಳಿಗೆ ಸಿಕ್ಕಿ ಮೇಲೇರಿ, ಪಕ್ಕದ ಊರಿನ ಕಡೆಗೆ ಹೊರಡುತ್ತದೆ. 1/72 ಅಳತೆಯ ಮಾಡೆಲ್‌ನಲ್ಲಿ ಹೀಗೆ ಖಾಲಿ ಬಿಡಬೇಕಾದ ಜಾಗ ಎರಡು ಬೆರಳಿನಷ್ಟು. ಇಡೀ ವಿಮಾನದಲ್ಲಿ ನನಗೆ ಹೆಚ್ಚು ಮಮತೆ ಇರುವುದು ಆ ಎರಡು ಬೆರಳಿನ ಜಾಗದ ಮೇಲೆ.

ನಮ್ಮ ಹವ್ಯಾಸದವರ ಕಪಾಟುಗಳನ್ನು ಯುದ್ಧವಿಮಾನಗಳೇ ತುಂಬಿವೆ. ಅವುಗಳ ಚೆಲುವನ್ನು ಅಲ್ಲಗಳೆಯಲಾರೆ. ಆದರೂ ಕಟ್ಟುತ್ತ ಕಟ್ಟುತ್ತ ನನ್ನ ಮನಸ್ಸಿಗೆ ಹತ್ತಿರವಾದದ್ದು ಗೂನು ಬೆನ್ನಿನ, ಉದ್ದ ಮೂತಿಯ ಈ ದುಡಿಮೆಯ ವಿಮಾನಗಳು. ಇವುಗಳ ಮೈಯಲ್ಲಿ ಸುಮ್ಮನೆ ಬಂದ ಗೆರೆ ಒಂದೂ ಇಲ್ಲ. ಔಷಧಿಯ ತೊಟ್ಟಿ ವಿಮಾನದ ತೂಕದ ನಡುಬಿಂದುವಿನ ಹತ್ತಿರವೇ ಕೂರುತ್ತದೆ, ಹಾರುತ್ತಿರುವಾಗಲೇ ಬರಿದಾದರೂ ಸಮತೋಲ ತಪ್ಪಬಾರದೆಂದು. ಮೈಯ ಪಕ್ಕದ ತಗಡುಗಳು ಸುಲಭವಾಗಿ ಬಿಚ್ಚಿ ಬರುತ್ತವೆ, ಒಳಗೆ ಸೇರಿದ ರಾಸಾಯನಿಕವನ್ನು ತೊಳೆಯದಿದ್ದರೆ ಲೋಹ ತಿಂದುಹೋಗುತ್ತದೆ. ಗಾಜಿನ ಮುಂದೆ ಚೂಪಾದ ಅಲಗು, ಚಾಲಕನ ಗೂಡಿನ ನೆತ್ತಿಯಿಂದ ಬಾಲದ ತುದಿಗೆ ಬಿಗಿದ ಉಕ್ಕಿನ ತಂತಿ. ಬೆಳೆಯ ನೆತ್ತಿ ಸವರುವಂತೆ ಹಾರುವವನಿಗೆ ವಿದ್ಯುತ್ ತಂತಿಯೇ ಯಮ. ಅಡ್ಡ ಬಂದದ್ದನ್ನು ಅಲಗು ಕತ್ತರಿಸುತ್ತದೆ, ಕತ್ತರಿಸದೆ ಉಳಿದದ್ದು ಬಿಗಿದ ತಂತಿಯ ಮೇಲೆ ಜಾರಿ ಬಾಲ ದಾಟಿಹೋಗುತ್ತದೆ.

ಈ ರೂಪ ಒಮ್ಮೆಲೇ ಬಂದದ್ದಲ್ಲ. 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಹತ್ತಿರ, ಕಂಬಳಿಹುಳು ಮುತ್ತಿದ್ದ ಕಟಾಲ್ಪ ಮರಗಳ ತೋಪಿನ ಮೇಲೆ ಜಾನ್ ಮ್ಯಾಕ್ರೆಡಿ ಎಂಬ ಸೇನಾ ಚಾಲಕ ಕರ್ಟಿಸ್ ಜೆನ್ನಿ ವಿಮಾನ ಹಾರಿಸಿದ. ಪಕ್ಕಕ್ಕೆ ತಗುಲಿಸಿದ್ದ ತಗಡಿನ ಪೆಟ್ಟಿಗೆಯಲ್ಲಿ ಸೀಸದ ಆರ್ಸೆನೇಟ್ ಪುಡಿ. ಪೆಟ್ಟಿಗೆ ರೂಪಿಸಿದ ಎಟಿಯೆನ್ ಡಾರ್ಮಾಯ್ ಹಿಂದಿನ ಸೀಟಿನಲ್ಲಿ ಕೂತು ಕೈಯಿಂದ ಹಿಡಿಕೆ ತಿರುಗಿಸುತ್ತಿದ್ದ. ಆರು ಎಕರೆಗೆ ಪುಡಿ ಉದುರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಅಲ್ಲಿಂದ ಲೂಯಿಸಿಯಾನದ ಹತ್ತಿ ಹೊಲಗಳಿಗೆ ಈ ಕೆಲಸ ಹಬ್ಬಿತು. ಇಂದು ಲೋಕವೆಲ್ಲ ಬಲ್ಲ ಡೆಲ್ಟಾ ಏರ್‌ಲೈನ್ಸ್‌ನ ಬೇರು ಹತ್ತಿಯ ಹುಳು ಕೊಲ್ಲುತ್ತಿದ್ದ ಅಂಥದೊಂದು ಕಂಪನಿಯಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ಅಗ್ಗಕ್ಕೆ ಮಾರಿದ ಸ್ಟಿಯರ್‌ಮನ್ ತರಬೇತಿ ವಿಮಾನಗಳನ್ನು ಕೊಂಡು, ಮುಂದಿನ ಸೀಟು ಕಿತ್ತು, ಅಲ್ಲಿ ತೊಟ್ಟಿ ಕೂರಿಸಿದರು. ಬಳಸಿದ ವಿಮಾನವನ್ನೇ ತಿದ್ದಿ ಬಳಸುವ ಆ ಕಾಲದಲ್ಲಿ ಸತ್ತ ಚಾಲಕರು ಬಹಳ.

ಆ ಸಾವುಗಳನ್ನು ಕಂಡು ಹೊಸದಾಗಿ ಯೋಚಿಸಿದವನು ಫ್ರೆಡ್ ವೈಕ್. ಟೆಕ್ಸಾಸ್‌ನ ಎ ಅಂಡ್ ಎಂ ಕಾಲೇಜಿನಲ್ಲಿ ಅವನು ರೂಪಿಸಿದ ಎಜಿ-1 ವಿಮಾನ 1950ರ ಡಿಸೆಂಬರ್‌ನಲ್ಲಿ ಹಾರಿತು. ಮೊದಲು ಎಂಜಿನ್, ಅದರ ಹಿಂದೆ ತೊಟ್ಟಿ, ಅದರ ಹಿಂದೆ ಎತ್ತರದಲ್ಲಿ ಚಾಲಕ. ನೆಲಕ್ಕೆ ಬಡಿದರೆ ಮುಂದಿನ ಭಾಗವೆಲ್ಲ ನುಜ್ಜುಗುಜ್ಜಾಗಿ, ಹೊಡೆತ ಅವನಿಗೆ ತಲುಪುವ ಹೊತ್ತಿಗೆ ತಗ್ಗಿರಬೇಕು. ಎತ್ತರ ಕೂತದ್ದರಿಂದ ಮೂತಿಯ ಇಳಿಜಾರಿನ ಮೇಲಿಂದ ಹೊಲ ಕಾಣಬೇಕು. ಮುಂದೆ ಬಂದ ಪೈಪರ್ ಪಾನಿ ಎಂಬ ಕೃಷಿ ವಿಮಾನಕ್ಕೆ ಈ ಆಲೋಚನೆಯೇ ಅಡಿಪಾಯ. ಬೇರೆ ಬೇರೆ ದೇಶಗಳು ಕಟ್ಟಿದ ಬಹುಪಾಲು ಕೃಷಿ ವಿಮಾನಗಳಲ್ಲಿ ಆ ಗೂನು ಮತ್ತೆ ಮತ್ತೆ ಕಾಣುತ್ತದೆ. ಮರಳು ಕಾಗದ ಹಿಡಿದು ಆ ಗೂನನ್ನು ತಿದ್ದುವಾಗ, ಯಾರದೋ ಪ್ರಾಣ ಉಳಿಸಲು ಹುಟ್ಟಿದ ಆಕಾರ ಇದು ಎಂಬ ಅರಿವು ನನ್ನ ಕೈಯನ್ನು ನಿಧಾನ ಮಾಡುತ್ತದೆ.

ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸಿದ ಎಚ್‌ಎ-31 ಬಸಂತ್ ಕೂಡ ಇದೇ ದಾರಿ ಹಿಡಿಯಿತು. ಮೊದಲ ವಿನ್ಯಾಸದಲ್ಲಿ ಚಾಲಕನ ಗೂಡು ರೆಕ್ಕೆಯ ಮುಂಭಾಗದ ಹತ್ತಿರವಿತ್ತು. ಎರಡನೇ ವಿನ್ಯಾಸದಲ್ಲಿ ಅದನ್ನು ಎತ್ತರಿಸಿ ತೊಟ್ಟಿಯ ಹಿಂದಕ್ಕೆ ತಂದರು. 1972ರ ಮಾರ್ಚ್‌ನಲ್ಲಿ ಹಾರಿದ್ದು ಈ ತಿದ್ದಿದ ಬಸಂತ್, 400 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್‌ನೊಂದಿಗೆ. 1980ರ ಹೊತ್ತಿಗೆ ತಯಾರಿಕೆ ನಿಂತಿತು, ಅಷ್ಟರಲ್ಲಿ ಕಟ್ಟಿದ್ದು ನಲವತ್ತರ ಆಸುಪಾಸು. ಎಚ್‌ಎಎಲ್‌ನದೇ ಯುದ್ಧವಿಮಾನ ಮಾರುತ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಊರಿನವರು ಬಸಂತ್ ಹೆಸರನ್ನೇ ಮರೆತಿರುವುದು ನನಗೆ ನೋವಿನ ಸಂಗತಿ. ಅಂಗಡಿಯಲ್ಲಿ ಇದರ ಕಿಟ್ ನನಗೆ ಸಿಗಲಿಲ್ಲ. ಮೂರು ಮಗ್ಗುಲಿನ ನಕ್ಷೆ ಮುಂದಿಟ್ಟುಕೊಂಡು ಪ್ಲಾಸ್ಟಿಕ್ ಹಾಳೆ ಕತ್ತರಿಸಿಯೇ ಕಟ್ಟುತ್ತಿದ್ದೇನೆ.

ಆಂಟೊನೊವ್ ಎಎನ್-2 ಹಾಗಲ್ಲ, ಅದರ ಕಿಟ್‌ಗಳು ಸಿಗುತ್ತವೆ. ಟ್ರಂಪೆಟರ್ 1/72ರಲ್ಲಿ, ಹಾಬಿ ಬಾಸ್ 1/48ರಲ್ಲಿ ಮಾಡಿವೆ. 1947ರಲ್ಲಿ ಮೊದಲು ಹಾರಿ, 18 ಸಾವಿರಕ್ಕೂ ಮೀರಿ ತಯಾರಾದ ವಿಮಾನ ಅದು. ಎರಡಂತಸ್ತಿನ ರೆಕ್ಕೆ, ಮೇಲಿನದು 18.18 ಮೀಟರ್, ಅಂದರೆ 1/72ರಲ್ಲಿ ಮೇಜಿನ ಮೇಲೆ 25 ಸೆಂಟಿಮೀಟರ್. ಇಂಥ ವಿಮಾನಕ್ಕೆ ಕೊಳವೆಯನ್ನು ನಾನೇ ಮಾಡಿಕೊಳ್ಳುತ್ತೇನೆ. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹದವಾಗಿ ಕಾಯಿಸಿ ಎರಡೂ ಕೈಯಿಂದ ಎಳೆದರೆ ಎಳೆಪಾಕದ ಹಾಗೆ ದಾರ ಬರುತ್ತದೆ. ದಪ್ಪವಾಗಿ ಬಂದದ್ದು ಕೊಳವೆ, ತೆಳ್ಳಗೆ ಬಂದದ್ದು ರೆಕ್ಕೆಗಳ ನಡುವಿನ ಬಿಗಿತಂತಿ. ಬಣ್ಣ ಮುಗಿದ ಮೇಲೆ ಕಲೆ ಹಚ್ಚುವ ಕೆಲಸ. ಯುದ್ಧವಿಮಾನಕ್ಕೆ ಮಸಿ ಸಾಕು. ಇದಕ್ಕೆ ತೊಟ್ಟಿಯ ಮುಚ್ಚಳದ ಸುತ್ತ ಬಿಳಿಪುಡಿಯ ಜಾಡು ಬೇಕು, ನಳಿಕೆಗಳ ಹಿಂದೆ ರೆಕ್ಕೆಯ ಅಡಿಗೆ ಅಂಟಿದ ಪೊರೆ ಬೇಕು, ಬಾಲದವರೆಗೆ ಹರಿದ ಮಾಸಲು ಬೇಕು. ಬಣ್ಣದ ಚಾಕ್ ಪುಡಿಯನ್ನು ಒಣ ಕುಂಚದಲ್ಲಿ ತೀಡಿ ಇದನ್ನು ತರಬಹುದು.

ಕಲೆ ವಿಮಾನದ ಮೈಮೇಲೆ ಮಾತ್ರ ಬಿದ್ದಿರುವುದಿಲ್ಲ. ಜಿಪಿಎಸ್ ಬರುವ ಮುಂಚೆ, ಯಾವ ಸಾಲಿಗೆ ಔಷಧಿ ಬಿದ್ದಿದೆ, ಯಾವುದಕ್ಕೆ ಬೀಳಬೇಕು ಎಂದು ಚಾಲಕನಿಗೆ ತೋರಿಸಲು ಹೊಲದ ತುದಿಯಲ್ಲಿ ಬಾವುಟ ಹಿಡಿದು ಆಳು ನಿಲ್ಲುತ್ತಿದ್ದ. ವಿಮಾನ ನೇರವಾಗಿ ಅವನತ್ತಲೇ ಬರುತ್ತಿತ್ತು. ತಲೆಯ ಮೇಲೆ ಹಾದುಹೋಗುವ ಮುಂಚೆ ಅವನು ಮುಂದಿನ ಸಾಲಿಗೆ ಸರಿಯಬೇಕು. ಗಾಳಿ ಅವನ ಕಡೆಗಿದ್ದರೆ ಸರಿದೂ ಪ್ರಯೋಜನವಿಲ್ಲ. ವೈಕ್ ಚಾಲಕನ ಬಗ್ಗೆ ಅಷ್ಟೊಂದು ಯೋಚಿಸಿದ. ಬಾವುಟದವನನ್ನು ನೆನೆದು ರೂಪುಗೊಂಡ ಭಾಗ ವಿಮಾನದಲ್ಲಿ ಯಾವುದಿದೆ ಎಂದು ಹುಡುಕಿದರೆ, ಕೊಳವೆಯ ಆಚೆಗೆ ಖಾಲಿ ಬಿಟ್ಟ ಆ ಎರಡು ಬೆರಳಿನಷ್ಟು ಜಾಗವೊಂದೇ ನನಗೆ ಕಾಣುತ್ತದೆ. ಅದೂ ಔಷಧಿ ಪೋಲಾಗಬಾರದೆಂಬ ಲೆಕ್ಕವೂ ಸೇರಿ ಬಂದದ್ದು.

ಹೀಗೆ ಹೇಳುವಾಗ ಕನ್ನಡದವರಿಗೆ ಕಾಸರಗೋಡು ನೆನಪಾಗದೆ ಇರಲಾರದು. ಅಲ್ಲಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದು ವಿಮಾನವಲ್ಲ, ಹೆಲಿಕಾಪ್ಟರ್. 2000ದವರೆಗೆ ವರ್ಷಗಟ್ಟಲೆ ಅದು ನಡೆಯಿತು. ನಮ್ಮ ಬೆಳ್ತಂಗಡಿ ಕಡೆಯ ಗೇರು ತೋಪುಗಳಲ್ಲೂ ಅದೇ ಔಷಧಿ, ಅದೇ ವಿಧಾನ. ಬೆಳೆಯ ನೆತ್ತಿಗೆ ಎರಡು ಮೂರು ಮೀಟರ್ ಮೇಲೆ ಹಾರಬೇಕೆಂಬುದು ಸಮತಟ್ಟು ಹೊಲಕ್ಕೆ ಸರಿ. ಗುಡ್ಡ, ಕಣಿವೆ, ಮತ್ತೆ ಗುಡ್ಡ ಇರುವ ಪಡ್ರೆ, ಎಣ್ಮಕಜೆಯಂಥ ಕಡೆ ಅದು ಆಗದ ಮಾತು. ತೋಟ ಗುಡ್ಡದ ಮೇಲೆ, ಮನೆಗಳು ತಪ್ಪಲಿನಲ್ಲಿ, ಕುಡಿಯುವ ನೀರು ಸುರಂಗದಿಂದ, ತೋಡಿನಿಂದ. ಕರುಗಳು ಸೊಟ್ಟ ಕಾಲಿನಿಂದ ಹುಟ್ಟುವುದನ್ನು ಬಹಳ ಮುಂಚೆಯೇ ಗಮನಿಸಿ ಬರೆದವರು ಪತ್ರಕರ್ತ ಶ್ರೀಪಡ್ರೆ. ಒಂದೇ ಊರಿನಲ್ಲಿ ಇಷ್ಟೊಂದು ಮಕ್ಕಳಿಗೆ ಯಾಕೆ ಕಾಯಿಲೆ ಎಂದು ಪಟ್ಟು ಹಿಡಿದು ಕೇಳಿದವರು ಡಾ. ವೈ. ಎಸ್. ಮೋಹನ ಕುಮಾರ್. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಈ ವಿಮಾನಗಳನ್ನು ಪ್ರೀತಿಸುವ ನಾನು ಈ ಮಾತನ್ನು ಬದಿಗೆ ಸರಿಸಿ ಮಾಡೆಲ್ ಕಟ್ಟಲಾರೆ. ಅದಕ್ಕೇ ನನ್ನ ಎಎನ್-2ರ ಹಲಗೆಯ ಅಂಚಿನಲ್ಲಿ, ರೈಲು ಮಾಡೆಲ್‌ಗಳಿಗೆಂದು ಮಾರುವ ಬೊಂಬೆಯೊಂದನ್ನು ತಿದ್ದಿ, ಕೈಗೆ ಬಾವುಟ ಕೊಟ್ಟು ನಿಲ್ಲಿಸಿದ್ದೇನೆ. ಬಿಳಿಪುಡಿಯನ್ನು ಅವನ ಹೆಗಲಿಗೂ ತೀಡಿದ್ದೇನೆ.

ಈಗ ಕೆಲಸ ಡ್ರೋನ್‌ಗಳ ಕೈಗೆ ಬರುತ್ತಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ ಹೊಡೆಯುವ ಡ್ರೋನ್ ಕೊಡಲು ಹೊರಟದ್ದು. ಇದಕ್ಕೆ ಗೂನಿಲ್ಲ, ಗಾಜಿಲ್ಲ, ಒಳಗೆ ಯಾರೂ ಇಲ್ಲದ್ದರಿಂದ ಕಾಪಾಡಬೇಕಾದ ಪ್ರಾಣವೂ ಒಳಗಿಲ್ಲ. ಹಾರಿಸುವವಳು ಬದುವಿನ ಮೇಲೆ ನಿಂತಿರುತ್ತಾಳೆ, ಹಿಂದೆ ಬಾವುಟದವನು ನಿಂತಿದ್ದ ಜಾಗದಲ್ಲೇ. ಗಾಳಿ ತಿರುಗಿದರೆ ಹನಿ ಅವಳ ಮುಖಕ್ಕೇ. ಹಾರಿಸುವವರೂ ಕೆಳಗೆ ನಿಂತವರೂ ಒಬ್ಬರೇ ಆಗಿರುವ ಈ ಬದಲಾವಣೆ ನನಗೆ ಟ್ರಾಯ್‌ನ ಹಾರಾಟಕ್ಕಿಂತ ಸಣ್ಣದಾಗಿ ಕಾಣುವುದಿಲ್ಲ. 1/72ರಲ್ಲಿ ಡ್ರೋನ್ ಮೂರು ಸೆಂಟಿಮೀಟರಿಗೂ ಕಡಿಮೆ, ಅದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಎರಡು ಸೆಂಟಿಮೀಟರಿಗಿಂತ ಚೂರು ಎತ್ತರದ ಆ ಹೆಂಗಸಿಗೆ ಸೀರೆಯ ಮೇಲೊಂದು ತುಂಬುತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್ ತೊಡಿಸಲು ಮಾತ್ರ ಹೆಚ್ಚು ಸಮಯ ಬೇಕು. ಬಸಂತ್ ಮುಗಿದ ಮೇಲೆ ಕೈಹಚ್ಚುವುದು ಅವಳಿಗೇ.