ಎರಡನೆಯ ಕೊಡದ ನೀರು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದಾಗ, ನಿವೃತ್ತ ಮುಖ್ಯಾಧ್ಯಾಪಕನಿಂದ ಶಿಸ್ತು, ಸಂಸ್ಕಾರ, ಗುರುಭಕ್ತಿ ಎಂಬ ವಿಷಯಗಳನ್ನೇ ಅವರು ನಿರೀಕ್ಷಿಸಿದ್ದಿರಬೇಕು. ಅವುಗಳನ್ನು ಕುರಿತು ವ್ಯಾಸಪೀಠದ ಮೇಲೆ ನಿಂತು ನಾನು ಸಾಕಷ್ಟು ಮಾತನಾಡಿದ್ದೇನೆ. ನನ್ನ ವಿದ್ಯಾರ್ಥಿಗಳು ಅದನ್ನು ಸಾಕಷ್ಟು ಸಹಿಸಿಯೂ ಇದ್ದಾರೆ. ಆದುದರಿಂದ ಇಂದು ರವಿವಾರದ ಮನೆಗೆಲಸವನ್ನೂ, ಆ ಕೆಲಸದ ನಡುವೆ ನೋಡಿದ ಒಂದು ಚಲನಚಿತ್ರವನ್ನೂ ಕುರಿತು ನಾಲ್ಕು ಮಾತು ಬರೆಯುತ್ತೇನೆ. ಈ ಎರಡಕ್ಕೂ ನಮ್ಮ ಶಾಲೆಗೂ ಏನು ಸಂಬಂಧವೆಂಬುದು ಕೊನೆಗೆ ಓದುಗರಿಗೆ ತಾನಾಗಿಯೇ ತಿಳಿದೀತು.

ಸೇವೆಯಲ್ಲಿದ್ದಾಗ ರವಿವಾರವೆಂದರೆ ಹಾಜರಿ ಪುಸ್ತಕ, ಪಗಾರ ಪತ್ರಕ, ಉತ್ತರಪತ್ರಿಕೆಗಳ ದಿನವಾಗಿತ್ತು. ಈಗ ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮೊಮ್ಮಕ್ಕಳು ಮನೆಗೆ ಬಂದರೆಂದರೆ ಮನೆಯ ಕೆಲಸಗಳು ನಮ್ಮೆಲ್ಲರ ಪಾಲಿಗೆ ಹಂಚಿಕೆಯಾಗುತ್ತವೆ. ಸೊಸೆ ಕೌದಿ ಒಗೆಯಲು ಕೂಡ್ರುತ್ತಾಳೆ. ಮಗ ಹಿಟ್ಟಿನ ಗಿರಣಿಗೆ ಹೋಗುತ್ತಾನೆ. ಜೋಳ ಹಸನು ಮಾಡುವುದು, ಶೇಂಗಾ ಒಡೆಯುವುದು, ಹಂಡೆ ಕೊಡಗಳನ್ನು ತಿಕ್ಕಿ ನೀರು ತುಂಬಿಸುವುದು ನನ್ನ ಮತ್ತು ಮೊಮ್ಮಗಳ ಪಾಲು. ಪಾತ್ರೆ ತೊಳೆದ ನೀರನ್ನು ಚರಂಡಿಗೆ ಬಿಡದೆ ಹಿತ್ತಲಿನ ಬೇವಿನ ಗಿಡಕ್ಕೂ ಕರಿಬೇವಿಗೂ ಹಾಕಬೇಕೆಂಬುದು ಮನೆಯ ಹಳೆಯ ಕಟ್ಟಳೆ. ಜತ್ತ ತಾಲೂಕಿನಲ್ಲಿ ಹುಟ್ಟಿದವನಿಗೆ ಈ ಪಾಠವನ್ನು ಯಾವ ಪಠ್ಯಪುಸ್ತಕವೂ ಕಲಿಸಬೇಕಾಗಿಲ್ಲ.

ಕಳೆದ ಬೇಸಿಗೆಯ ಒಂದು ರವಿವಾರ ಮರ ಹಿಡಿದು ಜೋಳ ಕೇರುತ್ತ ಕುಳಿತಾಗ ಮೊಮ್ಮಗಳು ತನ್ನ ತಂದೆಯ ಮೊಬೈಲಿನಲ್ಲಿ ‘ಚೆಲುವಿ’ ಎಂಬ ಚಿತ್ರವನ್ನು ತೋರಿಸಿದಳು. 1992ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ಚಿತ್ರವಿದು. ಪರಿಸರ ಸಂರಕ್ಷಣೆಯ ವಿಷಯದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆದಿದೆ. ಗಡಿನಾಡಿನ ನಮಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಕಥೆ ಕನ್ನಡ ಹೆಣ್ಣುಮಕ್ಕಳ ಬಾಯಿಂದ ಬಂದದ್ದು. ಚಿತ್ರದ ಭಾಷೆ ಹಿಂದಿ. ಚೆಲುವಿಯಾಗಿ ನಟಿಸಿದವರು ಪುಣೆಯ ಮರಾಠಿ ಕಲಾವಿದೆ ಸೋನಾಲಿ ಕುಲಕರ್ಣಿ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಅಂಗಳದಲ್ಲಿ ಆಡಿ ಬೆಳೆದ ನಮ್ಮೂರಿನ ಮಕ್ಕಳಿಗೆ ಇದು ಪರಕೀಯವಾಗಿ ತೋರಲಾರದು.

ಈ ಕಥೆಯನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದವರು ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಜನಿಸಿ, ಬೆಳಗಾವಿಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, ಮುಂದೆ ಶಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದ ಅವರು ಇಂತಹ ಅಜ್ಜಿಯ ಕಥೆಗಳನ್ನು ಬಾಳಿನುದ್ದಕ್ಕೂ ಸಂಗ್ರಹಿಸಿದರು. 1993ರಲ್ಲಿ ಅವರು ತೀರಿಕೊಂಡ ಬಳಿಕ, 1997ರಲ್ಲಿ, ಈ ಕಥೆಯ ಹೆಸರನ್ನೇ ಹೊತ್ತು ಅವರ ಕಥಾಸಂಗ್ರಹ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ನಾನಾದರೋ ಇದನ್ನು ನಮ್ಮ ಆಯಿಯ ಬಾಯಿಂದ, ಶೇಂಗಾ ಒಡೆಯುತ್ತ ಕುಳಿತ ಸಂಜೆಗಳಲ್ಲಿ ಕೇಳಿದವನು.

ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಕೂಲಿ ಮಾಡಿ ಸವೆಯುವ ತಾಯಿಯನ್ನು ಕಂಡು ಕಿರಿಯ ಮಗಳ ಕರುಳು ಮಿಡಿಯುತ್ತದೆ. ಮನೆಯನ್ನು ಗುಡಿಸಿ, ಸಾರಿಸಿ, ಸ್ನಾನ ಮಾಡಿ ಅವಳು ಕುಳಿತುಕೊಳ್ಳುತ್ತಾಳೆ. ಅಕ್ಕನು ಉಗುರು ತಾಕಿಸದೆ ತಂದ ಎರಡು ಕೊಡಗಳಲ್ಲಿ ಒಂದರ ನೀರನ್ನು ಸುರಿದರೆ ಹುಡುಗಿ ಹೂವಿನ ಮರವಾಗುತ್ತಾಳೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಂಡು ಎರಡನೆಯ ಕೊಡವನ್ನು ಸುರಿದರೆ ಮರವು ಮತ್ತೆ ಹುಡುಗಿಯಾಗುತ್ತದೆ. ಹೂವಿನ ಬೆನ್ನು ಹತ್ತಿ ಬಂದ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಆದರೆ ಹಟಮಾರಿ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಒತ್ತಾಯದಿಂದ ಮರವಾಗಿಸುತ್ತಾಳೆ. ಗೆಳತಿಯರು ಟೊಂಗೆ ಮುರಿದು, ಎಲೆ ಹರಿದು, ಎರಡನೆಯ ಕೊಡವನ್ನು ಅಡ್ಡಾದಿಡ್ಡಿ ಚೆಲ್ಲಿ ಓಡಿಹೋಗುತ್ತಾರೆ. ಹುಡುಗಿ ಕೈಕಾಲುಗಳಿಲ್ಲದ ಬರಿಯ ಕಾಂಡವಾಗಿ ಉಳಿಯುತ್ತಾಳೆ.

ಬೇರೆ ಸೀಮೆಯ ಕೇಳುಗರಿಗೆ ಹುಡುಗಿ ಮರವಾಗುವುದೇ ಅದ್ಭುತ. 1972ರ ಬರಗಾಲವನ್ನು ಕಂಡ ನಮ್ಮ ತಲೆಮಾರಿಗೆ ಆ ತುಂಬಿದ ಎರಡು ಕೊಡಗಳೇ ಅದ್ಭುತ. ಅಂದು ಬರಗಾಲದ ಕಾಮಗಾರಿಯ ಮೇಲೆ ಕಲ್ಲು ಒಡೆದವರು, ಸುಕಡಿ ತಿಂದು ದಿನ ದೂಡಿದವರು ನಮ್ಮ ಮನೆಮನೆಗಳಲ್ಲಿದ್ದರು. ಇಂದು ಮ್ಹೈಸಾಳ ಯೋಜನೆಯಿಂದ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ತಾಲೂಕಿನ ಕೆಲವು ಭಾಗಗಳಿಗೆ ತರಲಾಗಿದೆ. ದ್ರಾಕ್ಷಿ, ದಾಳಿಂಬೆಯ ತೋಟಗಳೂ ಕಾಣುತ್ತವೆ. ಆದರೂ ಕೊಡವನ್ನು ಚೆಲ್ಲಿ ಓಡಿದ ಆ ಹುಡುಗಿಯರನ್ನು ಕಂಡಾಗ ನಮ್ಮ ಮನೆಯಾಕೆ ಒಗೆಯುವ ಕಲ್ಲಿನ ಬಳಿಯಿಂದಲೇ ‘ಶಿವಶಿವಾ’ ಎಂದದ್ದು ಮರವನ್ನು ಮುರಿದದ್ದಕ್ಕೆ ಮಾತ್ರವಲ್ಲ.

ಕಥೆಯನ್ನು ಚಿತ್ರವಾಗಿಸುವುದು ಸುಲಭದ ಕೆಲಸವಲ್ಲ. ಕೇಳುವ ಕಥೆಯಲ್ಲಿ ಪ್ರತಿಯೊಂದು ಮಗುವಿನ ಮನದಲ್ಲಿಯೂ ಬೇರೊಂದು ಮರ ಅರಳುತ್ತದೆ. ತೆರೆಯ ಮೇಲೆ ಎಲ್ಲರಿಗೂ ಒಂದೇ ಮರ. ಕಾರ್ನಾಡರು ಕಥೆಯ ಅಂತ್ಯವನ್ನೂ ಬದಲಿಸಿದರು. ಆಯಿ ಹೇಳಿದ ಕಥೆಯಲ್ಲಿ ಗಂಡನು ಆ ಕಾಂಡಕ್ಕೆ ನೀರೆರೆದು, ಮುರಿದ ಟೊಂಗೆಗಳನ್ನೂ ಹರಿದ ಎಲೆಗಳನ್ನೂ ಒಂದೊಂದಾಗಿ ಸರಿಪಡಿಸಿ, ಎರಡನೆಯ ಕೊಡವನ್ನು ಸುರಿಯುತ್ತಾನೆ. ಅವಳು ಮೊದಲಿನಂತೆ ಎದ್ದು ನಿಲ್ಲುತ್ತಾಳೆ. ಚಿತ್ರದಲ್ಲಿ ಆ ಮಂಗಲವಿಲ್ಲ. ಮೊಮ್ಮಗಳ ಮುಖ ಬಾಡಿತು.

“ಮುತ್ಯಾ, ಟೊಂಗಿ ಸಿಗಲಿಲ್ಲಂದ್ರ ಆಕಿ ಹಿಂಗ ಉಳೀತಾಳೇನು?” ಎಂದು ಕೇಳಿದಳು.

“ಸಿನೇಮಾದಾಗ ಹಂಗದ ಯವ್ವಾ. ನಮ್ಮ ಆಯಿ ಹೇಳಿದ ಕಥಿಯೊಳಗ ಆಕಿ ಮತ್ತ ಎದ್ದು ಬರ್ತಾಳ.”

“ಎರಡರಾಗ ಖರೇ ಯಾವದು?”

ನಲವತ್ತು ವರ್ಷ ಪ್ರಶ್ನೆ ಕೇಳುವುದೇ ವೃತ್ತಿಯಾಗಿದ್ದವನಿಗೆ ಈ ಪ್ರಶ್ನೆ ಬಹುಕಾಲ ಕೆಲಸ ಕೊಟ್ಟಿತು. ಎರಡೂ ಸತ್ಯವೆಂದು ಈಗ ನನಗೆ ಅನಿಸುತ್ತದೆ. ಕಾಡು ಬರಿದಾಗುತ್ತಿರುವ ಕಾಲದಲ್ಲಿ ಚಿತ್ರವನ್ನು ಮಾಡಿದ ಕಾರ್ನಾಡರು, ಒಮ್ಮೆ ಮುರಿದದ್ದೆಲ್ಲ ತಾನಾಗಿ ಕೂಡಿಕೊಳ್ಳುವುದಿಲ್ಲವೆಂದು ಎಚ್ಚರಿಸಿದರು. ಆಯಿಯಾದರೋ, ಕೂಡಿಸುವ ಕೆಲಸ ಹೇಗೆಂಬುದನ್ನು ಹೇಳಿಕೊಟ್ಟಳು. 2006ರಲ್ಲಿ ಅಮೆರಿಕೆಯ ಸಂಗೀತಕಾರ ಜಾನ್ ಆಡಮ್ಸ್ ಇದೇ ಕಥೆಯನ್ನು ಸಂಗೀತ ನಾಟಕವಾಗಿಸಿ ವಿಯೆನ್ನಾ ನಗರದಲ್ಲಿ ಪ್ರಯೋಗಿಸಿದಾಗ ಆಯಿಯ ಅಂತ್ಯವನ್ನೇ ಉಳಿಸಿಕೊಂಡರು. ಅಲ್ಲಿ ಮೇಳದವರು ಹಾಡಿದ್ದು ಸ್ಪ್ಯಾನಿಷ್ ಭಾಷೆಯಲ್ಲಿ! ಶೇಂಗಾ ಒಡೆಯುತ್ತ ಹೇಳಿದ ಕನ್ನಡದ ಕಥೆ ಎಷ್ಟು ದೂರ ನಡೆದಿದೆ ನೋಡಿರಿ.

ಕಥೆ ವಿಯೆನ್ನಾಕ್ಕೆ ಹೋಯಿತು. ಆದರೆ ಅದನ್ನು ಹೇಳಿದ ನುಡಿಯ ಗತಿಯೇನು? ಗಡಿಭಾಗದ ಕನ್ನಡ ಶಾಲೆಗಳ ಹಾಜರಿ ಪುಸ್ತಕವನ್ನು ತೆರೆದವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದನೆಯ ಇಯತ್ತೆಯ ಪುಟದಲ್ಲಿ ಹೆಸರುಗಳು ಕಡಿಮೆಯಾಗುತ್ತಿವೆ. ಮರಾಠಿ ಈ ರಾಜ್ಯದ ನುಡಿ, ಇಂಗ್ಲಿಷು ಉದ್ಯೋಗದ ನುಡಿ. ಎರಡನ್ನೂ ಮಕ್ಕಳು ಕಲಿಯಲೇಬೇಕು. ತಂದೆತಾಯಿಗಳ ಚಿಂತೆ ನ್ಯಾಯವಾದದ್ದೇ. ಅವರನ್ನು ದೂರುವ ಅಧಿಕಾರ ನನಗಿಲ್ಲ. ಆದರೆ ಆಯಿಯ ಮಾತು ತಿಳಿಯದ ಮೊಮ್ಮಗಳಿಗೆ ಆಯಿಯ ಕಥೆ ಯಾರ ಬಾಯಿಂದ ದೊರೆತೀತು?

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಈ ಐವತ್ತು ವರ್ಷಗಳಲ್ಲಿ ನೀವೆಲ್ಲರೂ ಈ ಮರದ ಹೂಗಳನ್ನು ಉಡಿತುಂಬ ಒಯ್ದಿದ್ದೀರಿ. ಸಾಂಗಲಿ, ಸೊಲ್ಲಾಪುರ, ವಿಜಯಪುರ, ಪುಣೆ, ಮುಂಬಯಿಗಳಲ್ಲಿ ಆ ಹೂಗಳ ಪರಿಮಳವಿದೆ. ಅದು ನಮಗೆ ಅಭಿಮಾನದ ಸಂಗತಿ. ಇನ್ನು ಎರಡನೆಯ ಕೊಡದ ಸರದಿ. ಅದು ದೊಡ್ಡ ದೇಣಿಗೆಯೇ ಆಗಬೇಕೆಂದಿಲ್ಲ. ಊರಿಗೆ ಬಂದಾಗ ಒಂದು ತಾಸು ತರಗತಿಯಲ್ಲಿ ಕುಳಿತು ಮಕ್ಕಳಿಗೆ ಒಂದು ಕಥೆ ಹೇಳಿರಿ. ವಾಚನಾಲಯಕ್ಕೆ ವರ್ಷಕ್ಕೆರಡು ಪುಸ್ತಕ ಕಳುಹಿಸಿರಿ. ರಜೆಯ ದಿನ ನಿಮ್ಮ ಮಕ್ಕಳೊಡನೆ ಜೋಳ ಹಸನು ಮಾಡುತ್ತಲೋ ಶೇಂಗಾ ಒಡೆಯುತ್ತಲೋ ಕನ್ನಡದಲ್ಲಿ ಮಾತನಾಡಿರಿ. ಟೊಂಗೆಗಳು ಇನ್ನೂ ಎಲ್ಲಿಯೂ ಕಳೆದುಹೋಗಿಲ್ಲ. ಒಂದೊಂದಾಗಿ ಕೂಡಿಸುವ ಕೈಗಳು ಬೇಕು, ಅಷ್ಟೇ.