ಒಂದು ಸೂರು, ಎರಡು ರಾಜ್ಯ

ಚಂಡೀಗಢದ ಸಚಿವಾಲಯವು ಒಂದೇ ಕಟ್ಟಡ. ಅದರೊಳಗಿನ ಸರ್ಕಾರಗಳು ಎರಡು. 1966ರ ನವೆಂಬರ್ 1ರಂದು, ಎಂದರೆ ಕನ್ನಡನಾಡು ಒಂದಾಗಿ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಪಂಜಾಬು ಒಡೆದು ಹರಿಯಾಣವು ಹುಟ್ಟಿತು. ಹೊಲಗದ್ದೆ ಪಾಲಾದರೂ ಹಜಾರವೊಂದನ್ನು ಒಟ್ಟಾಗಿಯೇ ಉಳಿಸಿಕೊಂಡ ದಾಯಾದಿಗಳಂತೆ, ರಾಜಧಾನಿ, ಸಚಿವಾಲಯ, ಉಚ್ಚ ನ್ಯಾಯಾಲಯಗಳು ಇಬ್ಬರಿಗೂ ಸೇರಿದವು.

ಈ ಕಟ್ಟಡದ ಇಬ್ಬರು ಗುಮಾಸ್ತರಿಗೆ ಮಧ್ಯಾಹ್ನದ ಚಹಾ ವಾದವಿಲ್ಲದೆ ರುಚಿಸದು. ಒಬ್ಬರು ಲೂಧಿಯಾನದ ಕಡೆಯ ಸರ್ದಾರ್‌ಜಿ. ಇನ್ನೊಬ್ಬರು ರೋಹ್ತಕ್ ಕಡೆಯ ಚೌಧರಿ.

"ದೇಶವು ಹಸಿದಿದ್ದಾಗ ಉಗ್ರಾಣ ತುಂಬಿದವರು ಯಾರು, ಚೌಧರಿ ಸಾಹೇಬರೇ?" ಎಂದು ಸರ್ದಾರ್‌ಜಿ ಆರಂಭಿಸುವರು. ಹಸುರು ಕ್ರಾಂತಿಯ ಗೋಧಿ, ಭಾಕ್ರಾ ಅಣೆಕಟ್ಟು, ತಲಾ ಆದಾಯದಲ್ಲಿ ಪಂಜಾಬು ದೊಡ್ಡ ರಾಜ್ಯಗಳಿಗೆಲ್ಲ ಮುಂದಿದ್ದ ದಶಕಗಳು, ಎಲ್ಲವೂ ಒಂದೊಂದಾಗಿ ಹೊರಬರುವುವು.

"ಅದು ಹಳೆಯ ಕಡತ, ಸರ್ದಾರ್‌ಜಿ. ಈಗಿನ ಲೆಕ್ಕ ಹೇಳಿ" ಎಂದು ಚೌಧರಿ ನಗುವರು. ಈಗಿನ ಲೆಕ್ಕದಲ್ಲಿ ಹರಿಯಾಣವೇ ಬಹಳ ಮುಂದೆ. 1983ರಲ್ಲಿ ಮೊದಲ ಮಾರುತಿ ಕಾರು ಹೊರಬಂದ ಗುಡಗಾಂವ್, ಗುರುಗ್ರಾಮವೆಂಬ ಹೆಸರು ಪಡೆದು ಮುಗಿಲೆತ್ತರದ ಕಟ್ಟಡಗಳ ಊರಾಗಿದೆ. "ದೆಹಲಿಯ ನೆರಳಿನ ಬೆಳೆ ಅದು" ಎಂದು ಸರ್ದಾರ್‌ಜಿ ತಳ್ಳಿಹಾಕುವರು. ನೆರಳಿನಲ್ಲಿ ಬೆಳೆ ಏಳುವುದಿಲ್ಲವೆಂಬುದು ರೈತನ ಮಗನಾದ ಅವರಿಗೆ ತಿಳಿಯದ್ದಲ್ಲ.

ಕೀರ್ತಿಯ ಮಾತು ಇನ್ನೂ ಬಿರುಸು. ಜಲಂಧರಿನ ಬಳಿಯ ಸಂಸಾರ್‌ಪುರವೆಂಬ ಒಂದೇ ಹಳ್ಳಿ ಎಷ್ಟೋ ಮಂದಿ ಒಲಿಂಪಿಕ್ ಹಾಕಿ ಆಟಗಾರರನ್ನು ಕೊಟ್ಟಿತೆಂದು ಒಬ್ಬರು ಹೇಳಿದರೆ, 2021ರಲ್ಲಿ ಟೋಕಿಯೋದಲ್ಲಿ ಭರ್ಜಿ ಎಸೆದು ಚಿನ್ನ ತಂದ ನೀರಜ್ ಚೋಪ್ರಾ ಪಾಣಿಪತ್ ಜಿಲ್ಲೆಯವನೆಂದು ಮತ್ತೊಬ್ಬರು. ಚಂಡೀಗಢದಲ್ಲಿ ಹುಟ್ಟಿ ಹರಿಯಾಣದ ಪರವಾಗಿ ಆಡಿದ ಕಪಿಲ್ ದೇವ್ ಯಾರ ಪಾಲೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕೊನೆಗೆ ವಾದವು ಎಮ್ಮೆಗೆ ಬಂದು ನಿಲ್ಲುವುದು. ಚೌಧರಿಯವರ ಮುರ್ರಾ ಹೆಚ್ಚೋ, ಸರ್ದಾರ್‌ಜಿಯವರ ನೀಲಿ-ರಾವಿ ಹೆಚ್ಚೋ? ಇಲ್ಲಿ ಮಾತ್ರ ಇಬ್ಬರೂ ನಗುವುದಿಲ್ಲ.

ಒಂದು ವಿಷಯವನ್ನು ಅವರು ಎತ್ತುವುದೇ ಇಲ್ಲ. ಸಟ್ಲೆಜ್ ನದಿಯ ನೀರನ್ನು ಯಮುನೆಯ ಕಡೆಗೆ ಒಯ್ಯುವ ಕಾಲುವೆಯ ಅಗೆತ ಪಂಜಾಬಿನಲ್ಲಿ 1982ರಲ್ಲಿ ಆರಂಭವಾಯಿತು. ಹರಿಯಾಣದ ಭಾಗ ಎಂದೋ ಸಿದ್ಧವಾದರೂ ಪಂಜಾಬಿನ ಭಾಗ ಪೂರ್ಣವಾಗಲಿಲ್ಲ. ಅದಕ್ಕಾಗಿ ರಕ್ತವೂ ಹರಿಯಿತು. ಇತ್ತ ಭತ್ತದ ಗದ್ದೆಗಳಿಗಾಗಿ ಎರಡು ರಾಜ್ಯಗಳ ಕೊಳವೆಬಾವಿಗಳೂ ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿವೆ. ಬತ್ತುವ ನೆಲಕ್ಕೆ ಗಡಿ ಕಾಣದು.

2020ರ ಚಳಿಗಾಲದಲ್ಲಿ ಕೃಷಿ ಕಾಯಿದೆಗಳನ್ನು ವಿರೋಧಿಸಿ ಪಂಜಾಬಿನ ರೈತರು ದೆಹಲಿಯ ಗಡಿಯಲ್ಲಿರುವ ಸಿಂಘು, ಟಿಕ್ರಿಗಳಲ್ಲಿ ಬೀಡುಬಿಟ್ಟರು. ಹರಿಯಾಣದ ರೈತರೂ ಜೊತೆಗೂಡಿದರು. ಅಲ್ಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ತರಕಾರಿ, ಹಾಲು, ಮಜ್ಜಿಗೆ ಬಂದವು. ಸರ್ದಾರ್‌ಜಿಯವರ ಅಣ್ಣನೂ ಆ ಚಳಿಯನ್ನು ಟ್ರಾಲಿಯಲ್ಲಿಯೇ ಕಳೆದವನು.

"ಅಲ್ಲಿ ಹಾಲಿಗೆ ಕೊರತೆಯೇ ಆಗಲಿಲ್ಲವಂತೆ. ಒಳ್ಳೆಯ ಗಟ್ಟಿ ಹಾಲಂತೆ" ಎಂದರು ಒಂದು ದಿನ ಸರ್ದಾರ್‌ಜಿ, ಲೋಟವನ್ನೇ ನೋಡುತ್ತ.

"ಮುರ್ರಾ ಎಮ್ಮೆಯದು" ಎಂದರು ಚೌಧರಿ.

ಸರ್ದಾರ್‌ಜಿ ಮರುಮಾತಾಡಲಿಲ್ಲ. ಅಂದಿನ ಚಹಾದ ದುಡ್ಡನ್ನು ಅವರೇ ಕೊಟ್ಟರು.