ಸೇಲಂ ಹೆಸರಿನ ರಸ್ತೆ

ಪ್ರೀತಿಯ ಸುಮಾ,

ನಿನ್ನ ಕಾಗದ ಬಂತು. ನಿನ್ನ ಮದುವೆಯ ವಿಷಯಕ್ಕೆ ಅಣ್ಣ ಇನ್ನೂ ನಿನ್ನ ಹತ್ತಿರ ಮಾತಾಡುತ್ತಿಲ್ಲವೆಂದು ತಿಳಿದು ಸಂಕಟವಾಯಿತು. "ದೇವರು ಒಂದೇ ಇರಬಹುದು, ಪಂಕ್ತಿ ಒಂದೇ ಅಲ್ಲ" ಅಂದನಂತೆ. ಅದನ್ನು ಓದುತ್ತಿದ್ದಂತೆ ನನಗೆ ಕೊಚ್ಚಿಯ ಜ್ಯೂ ಟೌನ್ ನೆನಪಾಯಿತು. ಆ ಬೀದಿಯ ಜನರ ಕಥೆ ನಿನಗೆ ಹೇಳಲೇಬೇಕು.

ಮಟ್ಟಾಂಚೇರಿ ಅರಮನೆಯ ಮಗ್ಗುಲಲ್ಲೇ ಇದೆ ಅದು. ಅರಸರು ಕೊಟ್ಟ ಜಾಗದಲ್ಲಿ ಯಹೂದಿಗಳು 1568ರಲ್ಲಿ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್ ಕಟ್ಟಿಕೊಂಡರು. ಪರದೇಶಗಳಿಂದ ಬಂದವರದ್ದಾದ್ದರಿಂದ ಅದು ಪರದೇಶಿ ಸಿನಗಾಗ್. ಬೀದಿಯಲ್ಲಿ ಈಗಲೂ ಮಸಾಲೆಯ ವಾಸನೆ ಮೂಗಿಗೆ ಬಡಿಯುತ್ತದೆ.

ಹಾಗೆ ಬಂದವರಲ್ಲಿ ರಾಹಬಿ ಮನೆತನದವರು ಸಿರಿಯಾದ ಅಲೆಪ್ಪೊ ಕಡೆಯವರು. ಅವರಲ್ಲಿ ಎಜೆಕಿಯಲ್ ರಾಹಬಿ ದೊಡ್ಡ ಹೆಸರು. ಡಚ್ಚರ ಕಂಪನಿಗೆ ಕಾಳುಮೆಣಸು ಒದಗಿಸುತ್ತಿದ್ದ ವರ್ತಕರು, ಮಲಬಾರಿನ ಅರಸರ ಜೊತೆ ಕಂಪನಿಯ ಪರವಾಗಿ ಮಾತುಕತೆಗೆ ಕೂರುತ್ತಿದ್ದವರೂ ಅವರೇ. 1760ರಲ್ಲಿ ಗಡಿಯಾರ ಗೋಪುರ ಕಟ್ಟಿಸಿದರು. ಒಂದು ಮುಖದಲ್ಲಿ ಹೀಬ್ರೂ ಅಂಕಿ, ಒಂದರಲ್ಲಿ ರೋಮನ್, ಇನ್ನೊಂದರಲ್ಲಿ ಮಲಯಾಳಂ. ಸಿನಗಾಗಿನ ಒಳಗೆ ಚೀನಾದಿಂದ ತರಿಸಿದ ನೀಲಿ-ಬಿಳಿ ಟೈಲ್ಸ್ ಹಾಸಿದೆ. ಎಲ್ಲದರ ಮೇಲೂ ಕೈಯಲ್ಲೇ ಬಿಡಿಸಿದ ಚಿತ್ರ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು, ನಮ್ಮ ದೇವಸ್ಥಾನದ ಹಾಗೆಯೇ. ಆಮೇಲಿನ ಕಾಲಕ್ಕೆ ಬಂದರೆ ಕೋಡರ್ ಮನೆತನ. ಬಾಗ್ದಾದ್ ಮೂಲದವರು, ಅಂಗಡಿಗಳು, ವಿದ್ಯುತ್ ಕಂಪನಿ ಎಲ್ಲ ನಡೆಸಿದ ಶ್ರೀಮಂತರು.

ಈ ವೈಭವ ನೋಡಿ ಮುಗಿಸಿದವರಿಗೆ ಅದೇ ಸಿನಗಾಗಿನ ಇನ್ನೊಂದು ಕಥೆ ಗೊತ್ತಾಗುವುದಿಲ್ಲ. ಬಿಡುಗಡೆ ಪಡೆದ ಗುಲಾಮರ ಸಂತತಿ ಎಂಬ ಹಣೆಪಟ್ಟಿ ಹೊತ್ತ ಯಹೂದಿಗಳೂ ಅಲ್ಲಿದ್ದರು. ಅದೇ ಧರ್ಮ, ಅದೇ ಪ್ರಾರ್ಥನೆ. ಆದರೆ ಒಳಗೆ ಬೆಂಚಿನ ಮೇಲೆ ಕೂರುವ ಹಾಗಿಲ್ಲ, ಮುಂದಿನ ಪಡಸಾಲೆಯ ನೆಲವೇ ಗತಿ. ಮದುವೆ ಸಂಬಂಧದ ಮಾತಂತೂ ದೂರ. ಊರು ಬಿಟ್ಟು ಊರಿಗೆ ಬಂದ ಜನ ನಮ್ಮ ನೆಲದಿಂದ ಏನನ್ನು ಕಲಿತರು ನೋಡು ಎಂದು ಎದೆ ಕಲಕಿತು.

ಆ ಪಡಸಾಲೆಯವರ ಮನೆಯಲ್ಲಿ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ. ವಕೀಲರಾದರು, ಕೊಚ್ಚಿಯ ಶಾಸನಸಭೆಯಲ್ಲಿ ಕುಳಿತರು, 1929ರ ಲಾಹೋರ್ ಕಾಂಗ್ರೆಸ್ಸಿಗೂ ಹೋಗಿಬಂದರು. ಶಾಸನಸಭೆಯಲ್ಲಿ ಕುರ್ಚಿಯಿದ್ದ ಮನುಷ್ಯನಿಗೆ ತನ್ನ ದೇವರ ಮನೆಯಲ್ಲಿ ಬೆಂಚಿರಲಿಲ್ಲ! ಅವರು ಸಿನಗಾಗಿನೊಳಗೇ ಸತ್ಯಾಗ್ರಹ ಹೂಡಿದರು. ಜನ ಅವರನ್ನು ಯಹೂದಿ ಗಾಂಧಿ ಎಂದೇ ಕರೆದರು. ನಿರ್ಬಂಧಗಳು ಒಂದೊಂದಾಗಿ ಸಡಿಲವಾದವು, ಮದುವೆಯ ಕಟ್ಟಳೆ ಮಾತ್ರ ಗಟ್ಟಿಯಾಗಿ ನಿಂತಿತ್ತು. 1950ರಲ್ಲಿ ಅವರ ಮಗನೂ ಕೋಡರ್ ಮನೆತನದ ಹುಡುಗಿಯೂ ಅದನ್ನೂ ಮುರಿದರು. ಸ್ವಂತ ಊರಿನ ಸಿನಗಾಗಿನಲ್ಲಿ ಒಪ್ಪಿಗೆ ಸಿಗದೆ ಮುಂಬೈಗೆ ಹೋಗಿ ಮದುವೆಯಾಗಬೇಕಾಯಿತು.

ಅಷ್ಟು ಜೋಪಾನ ಮಾಡಿದ ಪಂಕ್ತಿಯಲ್ಲಿ ಈಗ ಯಾರಿದ್ದಾರೆ? ಇಸ್ರೇಲಿಗೆ ಹೋದವರು ಹೋದರು. ಬೀದಿಯಲ್ಲಿ ಕಸೂತಿ ಅಂಗಡಿ ಇಟ್ಟಿದ್ದ ಸಾರಾ ಕೋಹೆನ್ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪಿನಲ್ಲಿ ಅವರನ್ನು ಮಗನ ಹಾಗೆ ನೋಡಿಕೊಂಡವರು ಒಬ್ಬ ಮುಸ್ಲಿಂ ಗೃಹಸ್ಥರು. ಕೋಡರ್ ಮನೆಯ ಮಗಳು ಕ್ವೀನಿ ಹಲೇಗ್ವಾ 2024ರಲ್ಲಿ ಹೋದರು. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಅಲ್ಲಿ ಸೇರದೆ ಎಷ್ಟೋ ಕಾಲವಾಯಿತು. ಬೀದಿಗೆ ಇವತ್ತು ಎ.ಬಿ. ಸೇಲಂ ರಸ್ತೆ ಎಂದು ಹೆಸರು.

ನೀನು ಮುಂಬೈಗೋ ಇನ್ನೆಲ್ಲಿಗೋ ಹೋಗಿ ಮದುವೆಯಾಗಬೇಕಿಲ್ಲ ಮಗಳೇ. ಭಾನುವಾರ ಬೆಳಗಿನ ಬಸ್ಸಿಗೆ ಊರಿಗೆ ಬರುತ್ತಿದ್ದೇನೆ. ಅಣ್ಣನ ಮುಂದೆ ಕೂತು ಇದನ್ನೆಲ್ಲ ಹೇಳುತ್ತೇನೆ. ಅವನು ಎದ್ದು ಹೋದರೆ ಹಿಂದೆಯೇ ಹೋಗಿ ಹೇಳುತ್ತೇನೆ. ಧಾರೆಗೆ ಅವನು ಬಾರದಿದ್ದರೆ ನಾನೂ ನಿಮ್ಮ ಮಾವನೂ ನಿಂತು ಎರೆದುಕೊಡುತ್ತೇವೆ ಎಂದು ನೀನು ಮೆಚ್ಚಿದ ಹುಡುಗನ ತಾಯಿಗೆ ಈಗಲೇ ತಿಳಿಸು.

ನಿನ್ನ ಅತ್ತೆ